ತಲೆಕೆಳಗಾದ ಹೂಜಿ

ಮನುಷ್ಯರಿಗೂ ಕಂಪ್ಯೂಟರಿಗೂ ಹೊಂದಿಕೆ ಹೇಗೆ ಎಂಬ ವಿಷಯ ಕಲಿಸುವ ದೀಪಕ ಸರ್ ಅವರದು ಒಂದೇ ಕಟ್ಟಳೆ. ಪ್ರೆಸೆಂಟೇಶನ್ ದಿನ ನೀವು ಕಟ್ಟಿದ ಆ್ಯಪನ್ನು ಅದನ್ನು ಹಿಂದೆಂದೂ ಕಾಣದವರ ಕೈಗೆ ಕೊಡಿ, ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಬಾಗಲಕೋಟೆಯ ಆ ಕಾಲೇಜಿನ ಜಾಣರೆಲ್ಲ ಪಕ್ಕದ ತರಗತಿಯ ಗೆಳೆಯರನ್ನು ಕರೆತಂದು ಪಾರಾಗುತ್ತಿದ್ದರು. ಅಲ್ಮಾಸ ಮಾತ್ರ ಗುಳೇದಗುಡ್ಡದಿಂದ ತನ್ನ ದಾದಿಯನ್ನು, ಅಪ್ಪನ ತಾಯಿ ಲಾಡಬಿಯನ್ನು, ಕರೆತಂದಿದ್ದಳು.

ಅದು ತಿಂಗಳ ಹಿಂದಿನ ಮಾತು. ನೇಕಾರರಿಗೆ ಹೊಸ ಚಿತ್ತಾರ ಹೇಳಿಕೊಡುವ ಆ್ಯಪ್ ಅದು; ಒಮ್ಮೆಗೆ ಒಂದು ಸಾಲು ತೋರಿಸುತ್ತಿತ್ತು. ಅರವತ್ತು ವರ್ಷ ರವಿಕೆಯ ಖಣ ನೇಯ್ದ ಲಾಡಬಿ, ಊರಿನ ಬಡಗಿ ಅಯೂಬ ಕಾಕಾ ಮಾಡಿಕೊಟ್ಟ ಪುಟ್ಟ ಮಗ್ಗದ ಮುಂದೆ ಕೂತು, ಮೊಮ್ಮಗಳು ಹೇಳಿದಂತೆ ಪರದೆ ನೋಡಿಯೇ ನೇಯ್ದಳು. ನೇಯ್ದು ಮುಗಿಸಿದಾಗ ಬಟ್ಟೆಯ ಮೇಲೆ ಚಿತ್ತಾರದ ಹೂಜಿ ತಲೆಕೆಳಗಾಗಿ ನಿಂತಿತ್ತು. ನೀರೆಲ್ಲ ಚೆಲ್ಲಿಹೋಯಿತು ಎಂದು ಹಿಂದಿನ ಬೆಂಚಿನ ಸಾಹಿಲ ಅಂದದ್ದೇ ತಡ, ಇಡೀ ಹಾಲ್ ನಕ್ಕಿತು. ನಾಚಿಕೆಯಿಂದ ಕುಗ್ಗಿಹೋದ ಅಲ್ಮಾಸ ಆ ಸಂಜೆ ವರದಿಯಲ್ಲಿ, 'ತಪ್ಪು ಬಳಸಿದವರದು, ಅವರಿಗೆ ಓದು ಬರುವುದಿಲ್ಲ' ಎಂದು ಬರೆದುಬಿಟ್ಟಳು. ದೀಪಕ ಸರ್ ವರದಿಯನ್ನು ಹಿಂದಿರುಗಿಸಿದರು. ಇನ್ನೊಂದೇ ಅವಕಾಶ, ಅದೂ ಕೈಕೊಟ್ಟರೆ ಈ ವಿಷಯದಲ್ಲಿ ನಪಾಸು ಎಂದರು.

ನಪಾಸಿಗಿಂತ ದಾದಿಯನ್ನು ನಗೆಪಾಟಲು ಮಾಡಿದ್ದೇ ಅವಳನ್ನು ಹೆಚ್ಚು ತಿಂದಿತು. ಮರುದಿನದಿಂದ ದಿನವೂ ಸಂಜೆ ಕಾಲೇಜು ಬಿಟ್ಟವಳೇ ದಾದಿಯ ಮಗ್ಗದ ಪಕ್ಕ ಕೂತಳು. ಮೂರನೆಯ ದಿನ ಕಣ್ಣು ತೆರೆಯಿತು. ಬಟ್ಟೆ ಹುಟ್ಟುವುದು ನೇಯುವವಳ ಹೊಟ್ಟೆಯ ಹತ್ತಿರ; ಅಲ್ಲಿಂದ ಆಚೆಗೆ, ಮೇಲಕ್ಕೆ ಬೆಳೆಯುತ್ತದೆ. ಅವಳ ಆ್ಯಪ್ ಮಾತ್ರ ಪುಸ್ತಕ ಓದುವಂತೆ ಮೇಲಿನ ಸಾಲನ್ನೇ, ಹೂಜಿಯ ಬಾಯನ್ನೇ, ಮೊದಲು ಕೊಟ್ಟಿತ್ತು. ಮಗ್ಗದ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡವಳಿಗೆ ಇಷ್ಟು ತಿಳಿಯದೆ ಹೋಯಿತಲ್ಲ! ಅವಳು ಆ್ಯಪನ್ನು ಬುಡದಿಂದ ಮತ್ತೆ ಕಟ್ಟಿದಳು. ಕಟ್ಟಳೆ ಮುರಿಯಬಾರದೆಂದು ದಾದಿಗೆ ಮಾತ್ರ ತೋರಿಸಲಿಲ್ಲ.

ಈಗ ಅದೇ ಹಾಲ್, ಅದೇ ಪುಟ್ಟ ಮಗ್ಗ. ಬರುವುದಿಲ್ಲ ಎಂದು ಹಟ ಹಿಡಿದಿದ್ದ ಲಾಡಬಿಯನ್ನು ಕಾಲು ಹಿಡಿದು ಒಪ್ಪಿಸಿದ್ದಳು. ಪರದೆಯ ಮೇಲೆ ಹೂಜಿ ಬುಡದಿಂದ ಒಂದೊಂದೇ ಸಾಲು ಮೇಲೇರತೊಡಗಿತು. ಏಳನೆಯ ಸಾಲಿಗೆ ಲಾಡಬಿಯ ಕೈ ನಿಂತಿತು. ಸಾಹಿಲ ಮುಂದಕ್ಕೆ ಬಾಗಿದ. ಮಾತು ತುದಿನಾಲಗೆಗೆ ಬಂದರೂ ಅಲ್ಮಾಸ ತುಟಿ ಕಚ್ಚಿ ನಿಂತಳು. ಲಾಡಬಿ ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದಳು, ಮುಂದುವರಿದಳು.

ಹೂಜಿ ನೆಟ್ಟಗೆ ನಿಂತಿತು. ಚಪ್ಪಾಳೆ ಏಳುವ ಮೊದಲೇ ಲಾಡಬಿ ಸೆರಗಿನ ಗಂಟು ಬಿಚ್ಚಿ ತಲೆಕೆಳಗಾದ ಹೂಜಿಯ ಹಳೆಯ ತುಂಡನ್ನು ತೆಗೆದು ಹೊಸದರ ಪಕ್ಕ ಇಟ್ಟಳು. "ಎರಡೂ ನಾನ ನೇಯ್ದೇನ್ರಿ ಸರ್. ಎರಡರಾಗೂ ಒಂದು ಎಳಿ ಸೈತ ತಪ್ಪಿಲ್ಲ, ನೋಡ್ರಿ."

ದೀಪಕ ಸರ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಖರೆ ಎಂದು ತಲೆದೂಗಿದರು. ಮಾತಾಡುವ ಸರದಿ ಈಗ ಅಲ್ಮಾಸಳದು. ಅವಳು ಹೊಸ ವರದಿಯ ಮೊದಲ ಸಾಲನ್ನು ಓದಿದಳು. "ತಪ್ಪು ಮಾಡಿದವಳು: ಅಲ್ಮಾಸ. ಕಲಿಸಿದವರು: ಲಾಡಬಿ."

ಹಾಲ್ ಎದ್ದು ನಿಂತಿತು, ಎಲ್ಲರಿಗಿಂತ ಮೊದಲು ಸಾಹಿಲ. ಲಾಡಬಿ ಮಾತ್ರ ಕೂತೇ ಇದ್ದಳು, ತನ್ನ ಮಗ್ಗದ ಮುಂದೆ, ಬೆನ್ನು ನೆಟ್ಟಗೆ ಮಾಡಿಕೊಂಡು.