ಹಿಂದಿನ ಕೋಣೆಯ ತಾಲೀಮು

ನನ್ನ ಮಗಳು ವೃಂದಾ ಗಗನಯಾತ್ರಿಯಾಗಲು ಹೊರಟಿದ್ದು ಮೂಳೆಯ ದೆಸೆಯಿಂದ. ಭಾರವೇ ಇಲ್ಲದ ಕಡೆ ಮನುಷ್ಯನ ಮೂಳೆ ಯಾಕೆ ಸವೆಯುತ್ತದೆ ಎಂಬುದು ಅವಳ ಸಂಶೋಧನೆ. ನೆಲದ ಮೇಲೆ ಕೂತು ಅದನ್ನು ಎಷ್ಟು ದಿನ ಊಹಿಸುವುದು ಎಂದು 2008ರಲ್ಲಿ ವಿದೇಶದ ಒಂದು ತಂಡಕ್ಕೆ ಅರ್ಜಿ ಹಾಕಿಯೇಬಿಟ್ಟಳು. ಓಟ, ಈಜು, ಗಿರಗಿರ ತಿರುಗುವ ಕುರ್ಚಿ ಎಲ್ಲ ದಾಟಿದಳು. ಉಳಿದದ್ದು ಒಂದೇ: ಕಿಟಕಿ, ಗಡಿಯಾರ, ಮಾತು ಯಾವುದೂ ಇಲ್ಲದ ಕೋಣೆಯಲ್ಲಿ ಒಂದು ವಾರ ಒಬ್ಬಳೇ ಇರಬೇಕು. ಸೋತರೆ ಮತ್ತೆ ಕರೆಯುವುದಿಲ್ಲ. ಮನೆ ಸೇರುವುದರೊಳಗೆ ಆಟೋದವನ ಸಂಸಾರವನ್ನೆಲ್ಲ ತಿಳಿದುಕೊಳ್ಳುವ ಹುಡುಗಿ ಅವಳು.

ತಾಲೀಮಿಗೆ ಅವಳು ಆರಿಸಿಕೊಂಡದ್ದು ನಮ್ಮ ಮೈಲಾಪೂರಿನ ಮನೆಯ ಹಿಂದಿನ ಕೋಣೆ. ಮುಟ್ಟಾದಾಗ ಮೂರು ದಿನ ನನ್ನ ಅತ್ತೆ ಗೋದಾಬಾಯಿ, ಆಮೇಲೆ ನಾನು, ಕೂರುತ್ತಿದ್ದ ಕೋಣೆ ಅದು. ಮಗಳನ್ನು ಅಲ್ಲಿ ಕೂರಿಸುವುದಿಲ್ಲವೆಂದು ಅತ್ತೆಯ ಜೊತೆ ಜಗಳವಾಡಿ ಗೆದ್ದಿದ್ದೆ. ಈಗ ಇವಳು ತಾನಾಗಿಯೇ ಚಾಪೆ ಹಿಡಿದು ಹೋದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಸಂಜೆಗೇ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬಂದಳು. ಆಮೇಲೆ ಅಜ್ಜಿಯ ಬೆನ್ನು ಬಿದ್ದಳು. ಅಲ್ಲಿ ಏನು ಮಾಡುತ್ತಿದ್ದೆ, ಹೊತ್ತು ಹೇಗೆ ಗೊತ್ತಾಗುತ್ತಿತ್ತು, ಭಯವಾಗುತ್ತಿತ್ತೇ ಎಂದು ಒಂದೇ ಸಮನೆ ಪ್ರಶ್ನೆ. ನಾನು ಈ ಮನೆಗೆ ಬಂದಾಗಿನಿಂದ ಯಾರೂ ಅವರನ್ನು ಇದನ್ನೆಲ್ಲ ಕೇಳಿರಲಿಲ್ಲ. ಅತ್ತೆ ಹಿಗ್ಗಿಹೋದರು. ಆ ಕೋಣೆ ತಮಗೆ ತವರಿದ್ದ ಹಾಗೆ, ಅಡುಗೆ ಮಾಡು ಎನ್ನುವವರಿಲ್ಲ, ಕಣ್ಣು ಮುಚ್ಚಿ ಹುಟ್ಟೂರಿನ ಬೀದಿಯಲ್ಲಿ ಮನೆಮನೆಗೂ ಹೋಗಿ ಬರುತ್ತಿದ್ದರಂತೆ. ನಾನು ತಲೆಯೆತ್ತದೆ ಬಾಳೆಕಾಯಿ ಹೆಚ್ಚಿದೆ. ನಾನಂತೂ ಅಲ್ಲಿ ಅತ್ತದ್ದೇ ಅತ್ತದ್ದು.

ಪರೀಕ್ಷೆಗೆ ಹೋದ ವೃಂದಾ ಗೆದ್ದು ಬಂದಳು. ಮುಂದಿನ ತಿಂಗಳಿಂದ ತರಬೇತಿ. ಅಜ್ಜಿಯ ಉಪಾಯದಂತೆ ಕಣ್ಣು ಮುಚ್ಚಿ ಮೈಲಾಪೂರಿನ ಮನೆಗಳನ್ನೆಲ್ಲ ಸುತ್ತಿದಳಂತೆ. ಅತ್ತೆಗೆ ಪರೀಕ್ಷೆಯ ಕೋಣೆಯದೇ ಕುತೂಹಲ. ಎಷ್ಟು ದೊಡ್ಡದು, ಊಟ ಹೇಗೆ ಕೊಡುತ್ತಿದ್ದರು ಎಂದು ಬಿಡಿಸಿ ಬಿಡಿಸಿ ಕೇಳಿದರು.

“ರೊಂಬ ಚಿಕ್ಕದು ಅಜ್ಜಿ. ಗೋಡೆ ಮೇಲೆ ಒಂದು ಬೆಲ್ ಇತ್ತು. ಒತ್ತಿದ್ರೆ ತಕ್ಷಣ ಬಾಗಿಲು ತೆಗೀತಾರೆ, ಆದ್ರೆ ಟೆಸ್ಟ್ ಅಲ್ಲಿಗೇ ಮುಗೀತು. ನಾನು ಒತ್ತಲೇ ಇಲ್ಲ.”

ಅತ್ತೆ ಮೊಮ್ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ನಮ್ಗೂ ಅಂಥದ್ದೊಂದು ಬೆಲ್ ಇದ್ದಿದ್ರೆ, ನಾನು ಮೊದಲ್ನೇ ದಿನಾನೇ ಒತ್ತಿಬಿಡ್ತಿದ್ದೆ ಕಣೇ ವಿಮಲಾ.”