ಹಚ್ಚದ ಬೆಳಕು

ಎರಡನೇ ಹಗ್ಗಕ್ಕೆ ಮಹಾನಂದಾ ಕುಡುಗೋಲು ಹಾಕಿದಳು. ಫ್ಲೆಕ್ಸು ಒಂದು ಬದಿಗೆ ಜೋತುಬಿತ್ತು. ಅದರ ಮೇಲಿದ್ದ ತಾಯಿ ರೇವವ್ವನ ನಗುಮುಖ ಮಡಚಿಕೊಂಡಿತು.

“ಇಳಿ ಬೇ, ಮಂದಿ ನೋಡಾಕತ್ತಾರ,” ಎಂದ ಕೆಳಗೆ ಏಣಿ ಹಿಡಿದಿದ್ದ ಸೋದರಮಾವ ಸಂಗನಬಸವ. “ನಿಮ್ಮವ್ವನ್ನ ಕೂಡ್ರಿಸಿ ಮೂರು ತಾಸಾತು. ಮಣ್ಣು ಮುಗಿಸಿ ನಾನ ಬಿಚ್ಚತೀನಿ.”

“ಮಣ್ಣಿಗೆ ಒಯ್ಯೂ ದಾರಿ ಇದ ಐತಿ, ಮಾಮಾ. ಇದರ ಬುಡಕ ಅವ್ವನ್ನ ಹಾಯಿಸಾಕ ನಾ ಬಿಡಂಗಿಲ್ಲ.”

ಸಂಶಿಯ ಬಸ್‌ಸ್ಟ್ಯಾಂಡಿನೆದುರು ಆಸ್ಪತ್ರೆಯ ಆ ಜಾಹೀರಾತು ಎಂಟು ತಿಂಗಳಿಂದ ತೂಗುತ್ತಿತ್ತು: ‘ಕಣ್ಣಿಗೆ ಕಾಣದ ಕ್ಯಾನ್ಸರ್ ನಮ್ಮ ಬೆಳಕಿಗೆ ಕಾಣುತ್ತದೆ. ರೇವವ್ವ ಗೆದ್ದರು!’

“ಗೆದ್ದಾಕಿನ್ನ ಹೂಳಾಕ ಹೊಂಟೀವಿ ನೋಡ್ರಿ,” ಎಂದ ಚಹಾದಂಗಡಿಯ ಹೊಳೆಪ್ಪ.

* * *

ರೇವವ್ವ ಮೂವತ್ತು ವರ್ಷ ಬೀಜದಂಗಡಿಯಲ್ಲಿ ಕಡಲೆ ಹಸನು ಮಾಡಿದವಳು. ಒಂದು ಹುಳುಕು ಕಾಳು ಉಳಿದಿದೆಯೆಂಬ ಸಂಶಯ ಬಂದರೂ ಕಟ್ಟಿದ ಚೀಲ ಬಿಚ್ಚಿ ಮತ್ತೆ ಸುರುವುತ್ತಿದ್ದಳು. ಅಂಡಾಶಯದ ಕ್ಯಾನ್ಸರ್ ಹೊಟ್ಟೆಯಲ್ಲೆಲ್ಲ ಸಾಸಿವೆಯಂತೆ ಚೆಲ್ಲಿದೆ ಎಂದು ಡಾಕ್ಟರು ಹೇಳಿದಾಗ ಅವಳು ಕೇಳಿದ್ದು ಒಂದೇ: “ಎಲ್ಲಾ ಆರಿಸಿದ್ವಿ ಅಂತ ನಿಮಗ ಹೆಂಗ ಗೊತ್ತಾಕ್ಕೈತ್ರಿ?”

ಡಾಕ್ಟರು ಹೊಸ ಕ್ಯಾಮೆರಾ ತೋರಿಸಿದರು. ಮೊದಲೇ ರಕ್ತಕ್ಕೆ ಒಂದು ಔಷಧ ಕೊಟ್ಟು, ಹೊಟ್ಟೆ ತೆರೆದ ಮೇಲೆ ಕ್ಯಾಮೆರಾದ ಬೆಳಕು ಹಾಯಿಸಿದರೆ, ಗಡ್ಡೆಯ ಚೂರುಗಳು ಪರದೆಯಲ್ಲಿ ಹಸಿರಾಗಿ ಹೊಳೆಯುತ್ತವೆ. ಕಣ್ಣಿಗೆ ತಪ್ಪಿದ್ದೂ ಸಿಗುತ್ತದೆ ಎಂದರು. ರೇವವ್ವನ ಮನಸ್ಸಿಗೆ ಅದು ಹಿಡಿಸಿತು. “ಇಂಥಾದ್ದೊಂದು ನಮ್ಮ ಅಂಗಡ್ಯಾಗ ಇದ್ದಿದ್ರ ನನ್ನ ಕಣ್ಣು ಉಳೀತಿದ್ದುವು,” ಎಂದು ನಕ್ಕಳು. ಆಗಲೇ ಯಾರೋ ಫೋಟೋ ತೆಗೆದರು.

ಆಪರೇಶನ್ ಆಗಿ ಐದು ತಿಂಗಳಿಗೆ ಹೊಟ್ಟೆ ಮತ್ತೆ ಉಬ್ಬಿತು. ನರ್ಸ್ ರೇಷ್ಮಾಬಿ ಮಹಾನಂದಾಳನ್ನು ಮೆಟ್ಟಿಲ ಮರೆಗೆ ಕರೆದಳು.

“ನನ್ನ ಹೆಸರು ಹೇಳಬ್ಯಾಡವಾ. ಆಪರೇಶನ್ ದಿನ ಕ್ಯಾಮೆರಾ ಇಲ್ಲಿ ಇರಲೇ ಇಲ್ಲ. ಪ್ರದರ್ಶನಕ್ಕ ಒಯ್ದಿದ್ರು. ಎರಡು ದಿನ ತಡದಿದ್ರ ಬರ್ತಿತ್ತು. ಬರೇ ಕಣ್ಣೀಲೆ ನೋಡಿ ತಗದು, ಹೊಲದು ಕಳಿಸಿದ್ರು.”

* * *

ಅಂಗಳದಲ್ಲಿ ಫ್ಲೆಕ್ಸನ್ನು ಬೋರಲು ಹಾಸಿದ್ದರು. ಅದರ ಬಿಳಿ ಬೆನ್ನಿನ ಮೇಲೆ ಚೆಂಡುಹೂವು ಸುರುವಿ ಹೆಂಗಸರು ಮಾಲೆ ಕಟ್ಟುತ್ತಿದ್ದರು. ವಿಭೂತಿ ಹಚ್ಚಿದ ರೇವವ್ವ ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದಳು. ಮೊರ ಹಿಡಿದಾಗಿನಂತೆ ತಲೆ ತುಸು ಬಾಗಿತ್ತು.

ಆಸ್ಪತ್ರೆಯ ಪ್ರಚಾರ ನೋಡಿಕೊಳ್ಳುವ ಮಿಲಿಂದ ಕಾರಿನಿಂದ ದೊಡ್ಡ ಹೂವಿನ ಚಕ್ರ ಇಳಿಸಿದ.

“ಭಾಳ ಕೆಟ್ಟನಿಸ್ತು ಅಕ್ಕಾರ. ಫ್ಲೆಕ್ಸ್ ನೀವ್ಯಾಕ ಬಿಚ್ಚಲಿಕ್ಕೆ ಹೋದ್ರಿ? ನಾವೇ ತಗೀತಿದ್ವಿ.”

“ಅವ್ವನ ಹೊಟ್ಟಿ ಕೊಯ್ಯೂವಾಗ ಕ್ಯಾಮೆರಾ ಎಲ್ಲಿತ್ತು?” ಮಹಾನಂದಾ ಕೇಳಿದಳು.

ಮಿಲಿಂದ ಸುತ್ತ ನೋಡಿದ. ದನಿ ತಗ್ಗಿಸಿ, ಕಿಸೆಯಿಂದ ಒಂದು ಕಾರ್ಡು ತೆಗೆದ. “ಆ ಮಾತು ಇಲ್ಲಿಗೇ ಮುಗಿಸೂಣು. ತಾಯಿಗೆ ಬಂದದ್ದು ಮಗಳಿಗೂ ಬರಬಹುದು. ನಿಮಗ ಆಯುಷ್ಯಪೂರ್ತಿ ತಪಾಸಣಾ ಪುಕ್ಕಟ. ಆಪರೇಶನ್ ಬೇಕಾದ್ರೂ ನಾವೇ ಮಾಡ್ತೀವಿ. ಈ ಸಲ ಬೆಳಕು ಖಂಡಿತ ಹಚ್ತೀವಿ.”

“ಈ ಸಲ,” ಎಂದ ಸಂಗನಬಸವ.



ಮಹಾನಂದಾ ಹೂವಿನ ರಾಶಿಯಲ್ಲಿ ಕೈಯಾಡಿಸಿದಳು. ಕಪ್ಪಾದ ಒಂದು ಹೂವನ್ನು ಆರಿಸಿ ಬದಿಗಿಟ್ಟಳು, ಇನ್ನೊಂದು ಹುಡುಕಿದಳು. ಕಾರ್ಡು ಅವಳ ಮುಖದ ಮುಂದೆ ಚಾಚಿಯೇ ಇತ್ತು.

“ಒಲ್ಲೆ,” ಎಂದಳು.