ಅಗಳಿನ ಆಚೆಯ ಹಸಿರು

ಓರಗಿತ್ತಿ ಚೈತ್ರ ಅಂಗಳದಲ್ಲಿ ಕೂತು ದೊಡ್ಡ ಕೊಪ್ಪರಿಗೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದುದನ್ನು ಬೇಲಿಯ ಸಂದಿಯಿಂದ ಕಂಡಾಗಲೇ ಸರೋಜಳ ಹೊಟ್ಟೆಗೆ ಕಿಚ್ಚು ಬಿತ್ತು. ಅರಣ್ಯ ಸಮಿತಿಯ ಅಧ್ಯಕ್ಷ ಲಕ್ಷ್ಮೀಶ ಜಗುಲಿಯಿಂದ ಕಾಲು ಇಳಿಬಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಇನ್ನೇನು ಉಳಿಯಿತು? ಈ ವರ್ಷದ ವನಭೋಜನವೂ ಅವಳ ಬೆಟ್ಟದಲ್ಲೇ ಅಂತ ಆಯಿತಲ್ಲ!

ಒಂದು ಊಟಕ್ಕೆ ಇಷ್ಟೆಲ್ಲ ಯಾಕೆ ಅನ್ನುವವರು ಸರೋಜಳ ಎದುರಿಗೆ ಹಾಗೆ ಅಂದು ನೋಡಲಿ. ಭಂಡಿಗಡಿ ಕಡೆಯ ಆ ಊರಿನಲ್ಲಿ ಪ್ರತಿ ಮನೆಯ ತೋಟದ ಹಿಂದೆ ಒಂದು ತುಂಡು ಸೊಪ್ಪಿನ ಬೆಟ್ಟವಿದೆ. ಅಲ್ಲಿಯ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ. ಅಜ್ಜಂದಿರ ಕಾಲದಿಂದ ಕಡಿದೂ ಕಡಿದೂ ಮರಗಳೆಲ್ಲ ಬೋಳಾಗಿ, ಹಳ್ಳ ಶಿವರಾತ್ರಿಗೇ ಒಣಗತೊಡಗಿದಾಗ, ಮೂರು ವರ್ಷದ ಹಿಂದೆ, ಊರವರು ಸಮಿತಿ ಮಾಡಿ ಒಂದು ಕಟ್ಟುಪಾಡು ಹಾಕಿಕೊಂಡರು. ಹಸಿ ಸೊಪ್ಪಿಗೆ ಕತ್ತಿ ಹಾಕುವ ಹಾಗಿಲ್ಲ. ಉದುರಿದ ಒಣ ಎಲೆಯ ದರಗನ್ನಷ್ಟೇ ಗುಡಿಸಿ ತರಬೇಕು. ಮುರಿದವರಿಗೆ ಮುಂದಿನ ಮಳೆಗಾಲದವರೆಗೆ ದರಗೂ ಇಲ್ಲ. ಯಾರ ಬೆಟ್ಟ ಚೆನ್ನಾಗಿ ಚಿಗುರಿದೆಯೋ ಅಲ್ಲಿ ಕಾರ್ತಿಕದಲ್ಲಿ ಊರಿಗೆಲ್ಲ ಊಟ, ಆ ಮನೆಯ ಹೆಂಗಸಿನ ಕೈಯಿಂದ ಮೊದಲ ಪಾಯಸ. ಯಾರ ಬೆಟ್ಟ ಎಂಬುದನ್ನು ಹಿಂದಿನ ದಿನ ಜಾಗ ಹಸನು ಮಾಡಲು ಎಲ್ಲರೂ ಮೇಲೆ ಹತ್ತಿದಾಗಲೇ ಹೇಳುವುದು.

ಕಳೆದ ಎರಡು ವರ್ಷವೂ ಪಾಯಸ ಬಡಿಸಿದವಳು ಚೈತ್ರ. ಹಳ್ಳದಲ್ಲಿ ಮತ್ತೆ ನೀರು ನಿಂತದ್ದು ಅವಳ ಬೆಟ್ಟದಿಂದಲೇ ಎಂದು ಕೊಪ್ಪದ ಅರಣ್ಯ ಆಫೀಸಿನವರು ಬಂದು ಫೋಟೋ ಬೇರೆ ಹೊಡೆದರು. ಮನೆಯ ಹಿರಿಯ ಸೊಸೆ ಸರೋಜ ಉಪ್ಪಿನಕಾಯಿ ಭರಣಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಫೋಟೋದಲ್ಲಿ ಅವಳ ಮೊಣಕೈ ಮಾತ್ರ ಬಂತು. ಆ ಫೋಟೋಕ್ಕೆ ಫ್ರೇಮು ಹಾಕಿಸಿ ಚೈತ್ರ ಜಗುಲಿಯಲ್ಲಿ ತೂಗುಹಾಕಿದ್ದಾಳೆ. ಹೋದಾಗಲೆಲ್ಲ ಸರೋಜಳ ಕಣ್ಣಿಗೆ ಮೊದಲು ಬೀಳುವುದು ಆ ಮೊಣಕೈಯೇ.

"ನಮ್ಮ ಬೆಟ್ಟನೂ ಈಗ ಲಾಯ್ಕಾಗಿದೆ ಕಣೆ, ಒಂದ್ಸಲ ಬಂದು ನೋಡು" ಎಂದು ಗಂಡ ಹೂವಪ್ಪ ಎಷ್ಟೋ ಸಲ ಹೇಳಿದ್ದ.

"ನಿಮಗೆ ಎಲ್ಲವೂ ಲಾಯ್ಕೇ" ಎಂದು ಸರೋಜ ಬಾಯಿ ಮುಚ್ಚಿಸಿದ್ದಳು. ಮಂಡಿ ನೋವು ಶುರುವಾದಲ್ಲಿಂದ ಅವಳು ತಮ್ಮ ಬೆಟ್ಟ ಹತ್ತಿರಲಿಲ್ಲ, ಊಟಕ್ಕೂ ಆಚೆ ಬದಿಯ ಜೀಪು ದಾರಿಯಲ್ಲೇ ಹೋಗಿ ಬಂದಿದ್ದಳು. ಅವಳ ಮನಸ್ಸಿನಲ್ಲಿ ಚೈತ್ರಳ ಬೆಟ್ಟ ಹಸಿರು, ತಮ್ಮದು ಬೋಳು. ಅದು ಹಾಗೆಯೇ ಇರುವುದು ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ಆ ಮಧ್ಯಾಹ್ನ ಹೂವಪ್ಪ ಕೊಪ್ಪಕ್ಕೆ ಹೋಗಿದ್ದ. ಸರೋಜ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹಳ್ಳದ ದಾರಿಯಲ್ಲಿ ಬೆಟ್ಟ ಹತ್ತಿದಳು. ಮಂಡಿ ನೋವು ಎಲ್ಲಿ ಹೋಗಿತ್ತೋ! ಅಣ್ಣತಮ್ಮಂದಿರು ಹಿಸ್ಸೆಯಾದಾಗ ಗಡಿಗೆಂದು ನಡುವೆ ಅಗಳು ತೋಡಿಸಿದ್ದರು. ಕಂದಕದ ಕೆಳಗಿನದು ಅಣ್ಣ ಹೂವಪ್ಪನಿಗೆ, ಮೇಲಿನದು ತಮ್ಮನಿಗೆ, ಚೈತ್ರಳ ಗಂಡನಿಗೆ. ಈಗ ಜರಿಗಿಡ ಬೆಳೆದು, ದರಗು ತುಂಬಿ ಅಗಳು ಯಾವುದು ನೆಲ ಯಾವುದು ತಿಳಿಯುವ ಹಾಗಿರಲಿಲ್ಲ. ಅವಳು ಹುಡುಕಲೂ ಇಲ್ಲ. ಹಳ್ಳದ ಪಕ್ಕದ ಬೋಳುಬಂಡೆ ದಾಟಿದ್ದೇ ಎದುರಿಗೆ ತಂಪಾದ ಹಸಿರು ಕಂಡಿತು. ಮತ್ತಿ, ನಂದಿ, ಹೊನ್ನೆ ಆಳೆತ್ತರ ಮೀರಿ ಎದ್ದಿದ್ದವು. ಕಾಲಡಿಯ ನೆಲ ಮೆತ್ತಗೆ ಕುಸಿಯುತ್ತಿತ್ತು. ಬೋಳು ಮುಗಿದಲ್ಲಿಗೆ ತನ್ನದು ಮುಗಿಯಿತು, ಹಸಿರು ಶುರುವಾದಲ್ಲಿ ಅವಳದು. ಇದಕ್ಕೆ ಅಗಳು ಯಾಕೆ ಬೇಕು?

"ಏನು ಚೆಂದ ಬೆಳೆಸಿದ್ದಾಳಪ್ಪ ಮಹಾತಾಯಿ" ಎಂದವಳೇ ಕತ್ತಿ ಬೀಸಿದಳು. ಒಂದು ಹೊರೆಯಷ್ಟು ಹಸಿ ಕೊಂಬೆ ಕೆಡವಿ, ನಾಳೆ ಎಲ್ಲರಿಗೂ ಕಾಣಲಿ ಎಂದು ಅಲ್ಲಲ್ಲೇ ಬಿಟ್ಟಳು. ಹೊನ್ನೆ ಕಡಿದಲ್ಲೆಲ್ಲ ಕೆಂಪು ರಸ ಇಳಿದು ಬೆರಳಿಗೆ ಮೆತ್ತಿತು. ಮನೆಗೆ ಬಂದು ಬೂದಿ ಹಾಕಿ ತಿಕ್ಕಿದರೂ ಆ ಕಲೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಊರಿಗೆ ಊರೇ ಬೆಟ್ಟ ಹತ್ತಿತು. ಕಡಿದ ಜಾಗ ಕಂಡು ಮುಂದಿದ್ದ ಲಕ್ಷ್ಮೀಶ ಗಕ್ಕನೆ ನಿಂತ. ಸರೋಜ ಇದಕ್ಕೇ ಕಾಯುತ್ತಿದ್ದಳು.

"ಕಂಡ್ರಾ? ಊರಿಗೆಲ್ಲ ಬುದ್ಧಿ ಹೇಳೋರ ಬೆಟ್ಟ ಹೆಂಗಿದೆ ನೋಡಿ! ಕಟ್ಟುಪಾಡು ನಮಗೆ ಮಾತ್ರನಾ?"

ಲಕ್ಷ್ಮೀಶ ಅವಳ ಮುಖವನ್ನೇ ನೋಡಿದ. "ಎಂತ ಹೇಳ್ತಿದೀರಿ ಸರೋಜಕ್ಕ? ಅಗಳು ಇನ್ನೂ ಮೇಲಿದೆ. ಇದು ನಿಮ್ಮ ಹಿಸ್ಸೆ."

ಹೂವಪ್ಪ ತಲೆಯ ಮೇಲೆ ಕೈ ಹೊತ್ತು ಬಂಡೆಯ ಮೇಲೆ ಕೂತುಬಿಟ್ಟ.

"ಈ ಸಲ ಊಟ ಇಲ್ಲೇ ಅಂತ ಮಾಡಿದ್ವಿ ಮಾರಾಯ್ತಿ" ಎಂದ ಲಕ್ಷ್ಮೀಶ. "ಊರಲ್ಲೇ ಚೆಂದ ಬಂದಿದ್ದು ನಿಮ್ಮ ಬೆಟ್ಟ. ನಿನ್ನೆ ನಾನು ಚೈತ್ರನ ಮನೆಗೆ ಹೋಗಿದ್ದು ಹೋದ ವರ್ಷದ ಕೊಪ್ಪರಿಗೆ ಕೇಳಕ್ಕೆ. ಅಕ್ಕನ ಪಾಯಸಕ್ಕಲ್ವಾ, ನಾನೇ ತಿಕ್ಕಿ ಕೊಡ್ತೀನಿ ಅಂದಳು."

ಸರೋಜಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿನ್ನೆ ಅವಳು ಹೊಟ್ಟೆ ಉರಿದುಕೊಂಡದ್ದು ತನ್ನದೇ ಬೆಟ್ಟ ನೋಡಿ! ಮೂರು ವರ್ಷ ಬೈದುಕೊಂಡೇ ಕತ್ತಿ ಹಾಕದೆ ಬಿಟ್ಟಿದ್ದ ಬೆಟ್ಟ ಅವಳಿಗೆ ಹೇಳದೆ ಕೇಳದೆ ಚಿಗುರಿತ್ತು.

"ಕಡಿದೋರು ಯಾರು ಹಾಗಾದ್ರೆ?" ಯಾರೋ ಕೇಳಿದರು.

ಸರೋಜ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಚೈತ್ರ ಆ ಕೆಂಪು ಬೆರಳುಗಳನ್ನು ನೋಡಿಯಾಗಿತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ. ದನಕ್ಕೆ ಸೊಪ್ಪು ಸಾಲಲಿಲ್ಲ. ಗಡಿ ಗೊತ್ತಾಗ್ಲಿಲ್ಲ."

ಒಂದು ಗಳಿಗೆ ಸುಮ್ಮನಿದ್ದರೆ ಸರೋಜ ಪಾರು. ಪಾಯಸವೂ ಅವಳದೇ, ಫೋಟೋವೂ ಅವಳದೇ. ಆದರೆ ಸುತ್ತ ನಿಂತವರು ಚೈತ್ರಳನ್ನು ನೋಡಿದ ರೀತಿ ಅವಳಿಗೆ ಕಂಡಿತು. ಆ ಮಾತನ್ನು ಒಬ್ಬರೂ ನಂಬಿರಲಿಲ್ಲ. ಎಂಥ ಒಳ್ಳೆಯವಳು ಎಂಬುದು ಮಾತ್ರ ಎಲ್ಲರ ಮುಖದಲ್ಲೂ ಇತ್ತು. ಅದೊಂದನ್ನು ಸರೋಜಳಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ಕಡಿದಿದ್ದು!" ಎಂದು ಕೂಗಿಯೇಬಿಟ್ಟಳು. "ನನ್ನ ಬೆಟ್ಟ, ನನ್ನ ಕತ್ತಿ, ನನ್ನ ಹಾಳು ಬುದ್ಧಿ. ನಿಂದು ಅಂದ್ಕೊಂಡು ಕಡಿದೆ ಮಾರಾಯ್ತಿ. ಪಾಯಸದ ಹೆಸರು ನಿಂಗೆ, ಹಳ್ಳದಲ್ಲಿ ನೀರು ಬಂದಿದ್ದರ ಹೆಸರು ನಿಂಗೆ. ಈಗ ನನ್ನ ತಪ್ಪು ಹೊತ್ತ ಹೆಸರೂ ನಿಂಗೇ ಬೇಕಾ? ಅದನ್ನ ಕೊಡಲ್ಲ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಲಕ್ಷ್ಮೀಶ ಮಾತ್ರ ನಗಲಿಲ್ಲ. "ಕಟ್ಟುಪಾಡು ಎಲ್ಲರಿಗೂ ಒಂದೇ ಸರೋಜಕ್ಕ. ಬರೋ ಮಳೆಗಾಲದವರೆಗೆ ನಿಮಗೆ ದರಗು ಇಲ್ಲ. ಊಟ ಮೇಲಿನ ಬೆಟ್ಟದಲ್ಲಿ. ಕಡಿದಿದ್ದು ಹಾಳಾಗೋದು ಬೇಡ, ಕೊಟ್ಟಿಗೆಗೆ ಒಯ್ಯಿರಿ."

ಎಲ್ಲರೂ ಅಗಳು ದಾಟಿ ಮೇಲೆ ಹೋದರು. ಸರೋಜ ಕೊಂಬೆಗಳನ್ನು ಒಟ್ಟುಮಾಡಿ ಬಳ್ಳಿ ಬಿಗಿದಳು. ಎತ್ತಲು ನೋಡಿದಳು, ಆಗಲಿಲ್ಲ. ಚೈತ್ರ ವಾಪಸು ಇಳಿದು ಬಂದು ಹೊರೆಗೆ ಕೈ ಹಾಕಿದಳು.

"ಮುಟ್ಟಬೇಡ."

"ಹೊರೆ ಒಬ್ರೇ ತಲೆಗೆ ಏರಿಸ್ಕೊಳ್ಳಕ್ಕೆ ಆಗಲ್ಲ ಅಕ್ಕ."

ಅದು ನಿಜ. ಸರೋಜ ಕುತ್ತಿಗೆ ತಗ್ಗಿಸಿದಳು, ಹೊರೆ ತಲೆಗೆ ಬಂತು. "ಬರೋ ವರ್ಷ ಪಾಯಸ ನಾನು ಬಡಿಸ್ತೀನಿ, ನೋಡ್ತಿರು" ಎಂದಳು ಹೊರೆಯ ಕೆಳಗಿನಿಂದ.

"ಬಡಿಸಿ ಅಕ್ಕ. ಉಪ್ಪಿನಕಾಯಿ ಹಿಡ್ಕೊಂಡು ನಾನು ನಿಲ್ತೀನಿ."

ಅಷ್ಟು ಒಳ್ಳೆಯ ಮಾತು ಅವಳ ಬಾಯಿಂದಲೇ ಬರಬೇಕೇ ಎಂದು ಇಳಿಜಾರಿನುದ್ದಕ್ಕೂ ಸರೋಜಳ ಹೊಟ್ಟೆ ಉರಿಯಿತು.